ಎರಡನೇ ಕ್ಯಾಮೆರಾ ಬಾಡಿ ಬದಲಿಸಬೇಕೋ, ಮೊದಲನೆಯದೋ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾ ಕಲಬುರಗಿ ಒಳಗ ಸಣ್ಣ ಸ್ಟುಡಿಯೊ ಇಟ್ಟೀನಿ. ಲಗ್ನ, ಸೀಮಂತ, ಜಾತ್ರಿ, ನಡುವ ಬೀದರದ ಬಿದ್ರಿ ಅಂಗಡಿಯವರಿಗೆ ಒಂದಿಷ್ಟು ಸಾಮಾನಿನ ಫೋಟೊ, ಇಷ್ಟು ಕೆಲಸ. ಮೊದಲನೇ ಬಾಡಿ ಕ್ಯಾನನ್ 6ಡಿ ಮಾರ್ಕ್ 2. ಅದಕ್ಕ 24-105 ಎಫ್4, 50 ಎಫ್1.8, 85 ಎಫ್1.8 ಅವ. ಎರಡನೇದು ಕ್ಯಾನನ್ನಿಂದೇ ಎಂ50, ಕಿಟ್ ಲೆನ್ಸ್ 15-45, ಜೊತಿಗೆ ಇಎಫ್ ಅಡಾಪ್ಟರ್. ಅದು ತಮ್ಮನ ಕೈಯಾಗ ಇರ್ತದ. ಹಾಲ್ ಒಳಗ ಎಂ50 ಫೋಟೊ ಗ್ರೇನ್ಸ್ ಬರ್ತಾವ, ಬಣ್ಣ 6ಡಿಗಿ ಹೊಂದಂಗಿಲ್ಲ, ಅಕ್ಕಿಕಾಳ ಬೀಳೋ ಹೊತ್ತಿಗೆ ಬ್ಯಾಟರಿ ಕೆಂಪಾಗ್ತದ. 4ಕೆ ವಿಡಿಯೊ ಇಟ್ರ ಮುಖ ಬಿಟ್ಟು ಹಿಂದಿನ ಪರದಿ ಫೋಕಸ್ ಹಿಡೀತದ. ಎಂ ಮೌಂಟ್ ಮುಗೀತು, ಮಾರಿಬಿಡು ಅಂತ ಎಲ್ಲಾರೂ ಹೇಳ್ತಾರ. ಒಬ್ಬರು ಎಂ50 ಮಾರ್ಕ್ 2 ತಗೋ ಅಂದ್ರ, ಇನ್ನೊಬ್ಬರು ಆರ್50 ಅಂತಾರ, ಮತ್ತೊಬ್ಬರು ಎಲ್ಲಾ ಮಾರಿ ಸೋನಿಗೆ ಹೋಗು ಅಂತಾರ. ಒಂದು ಲಕ್ಷದ ಆಸುಪಾಸು ಹಾಕಬಲ್ಲೆ. ಏನ್ ಮಾಡ್ಲಿ ಹೇಳ್ರಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ಗ್ರೇನ್ಸ್, ಬಣ್ಣ, ಬ್ಯಾಟರಿ, 4ಕೆ ಫೋಕಸ್. ಇವುಗಳಲ್ಲಿ ಪೂರ್ತಿಯಾಗಿ ಎಂ50 ತಲೆಗೆ ಕಟ್ಟಬಹುದಾದದ್ದು ಕೊನೆಯದೊಂದೇ. ಗ್ರೇನ್ಸ್ ಹೆಚ್ಚುಪಾಲು ಕಿಟ್ ಲೆನ್ಸಿನದು, ಬಣ್ಣ ಸೆಟ್ಟಿಂಗಿನದು, ಬ್ಯಾಟರಿ ಅರ್ಧ ಬಾಡಿಯದು ಅರ್ಧ ಬಳಸುವವರದು. ನೀವು ಕೇಳದೆ ಬಿಟ್ಟ ಐದನೆಯದೊಂದು ಇದೆ, ಅದೇ ಎಲ್ಲಕ್ಕಿಂತ ಭಾರಿ: ನಿಮ್ಮ ಎರಡೂ ಬಾಡಿಯಲ್ಲಿ ಕಾರ್ಡ್ ಸ್ಲಾಟ್ ಒಂದೊಂದೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು "ಎಂ ಮೌಂಟ್ ಮುಗೀತು" ಅನ್ನುವ ಮಾತು. ಮೌಂಟ್ ಅಂದರೆ ಬಾಡಿಗೆ ಲೆನ್ಸ್ ಕೂಡುವ ಬಾಯಿ. ಕ್ಯಾನನ್ 2023ರಲ್ಲಿ ಎಂ ಸಾಲನ್ನು ನಿಲ್ಲಿಸಿದ್ದು ನಿಜ. ಹಾಗಂತ ನಿಮ್ಮ ಕೈಯಲ್ಲಿರುವ ಕ್ಯಾಮೆರಾ ನಿನ್ನೆ ತೆಗೆದಂಥ ಫೋಟೊ ಇವತ್ತು ತೆಗೆಯದೆ ಇರುವುದಿಲ್ಲ. ನಿಂತದ್ದು ಮುಂದಿನ ದಾರಿ. ಎಂ ಮೌಂಟಿನಲ್ಲಿ ಲೆನ್ಸಿನ ಕಾಲರಿನಿಂದ ಸೆನ್ಸರಿಗೆ 18 ಮಿಲಿಮೀಟರ್ ಅಂತರ, ಆರ್ ಸಾಲಿನ ಬಾಡಿಗಳ ಹೊಸ ಆರ್‌ಎಫ್‌ನಲ್ಲಿ 20, ನಿಮ್ಮ 6ಡಿಯ ಹಳೆಯ ಇಎಫ್‌ನಲ್ಲಿ 44. ಇಎಫ್ ಲೆನ್ಸಿಗೆ ಎರಡೂ ಕಡೆ ಅಡಾಪ್ಟರ್ ಕೂಡಿಸಲು ಜಾಗ ಧಾರಾಳ. ಎಂ ಲೆನ್ಸನ್ನು ಆರ್‌ಎಫ್ ಬಾಡಿಗೆ ಕೂಡಿಸಲು ಜಾಗವೇ ಇಲ್ಲ. ಇದರಿಂದ ನಿಮಗೆ ಸಿಗುವ ಬುದ್ಧಿ ಇಷ್ಟು: ಎಂ ಮೌಂಟಿನ ಲೆನ್ಸಿಗೆ ಇನ್ನು ದೊಡ್ಡ ದುಡ್ಡು ಹಾಕಬೇಡಿ, ಇಎಫ್ ಲೆನ್ಸುಗಳನ್ನು ಮಾರಬೇಡಿ. ಆ ಮೂರು ಲೆನ್ಸೇ ನಿಮ್ಮ ಆಸ್ತಿ.

ಈಗ ಗ್ರೇನ್ಸ್. 6ಡಿಯ ಸೆನ್ಸರ್ 36ಕ್ಕೆ 24 ಮಿಲಿಮೀಟರ್, ಎಂ50ಯದು 22.3ಕ್ಕೆ 14.9. ಗುಣಿಸಿದರೆ ಎರಡೂವರೆ ಪಟ್ಟಿಗೂ ಹೆಚ್ಚಿನ ಫರಕು. ಮೆಗಾಪಿಕ್ಸೆಲ್ 26 ಮತ್ತು 24, ಹತ್ತಿರ ಹತ್ತಿರ. ಹಾಗಾಗಿ "ಎರಡೂ ಸಮ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹಗಲ ಬೆಳಕಿನಲ್ಲಿ ಆ ಮಾತು ಸುಳ್ಳೂ ಅಲ್ಲ, 12×36 ಆಲ್ಬಮ್ ಹಾಳೆಯಲ್ಲಿ ಯಾವುದು ಯಾವ ಬಾಡಿಯದು ಅಂತ ಗಿರಾಕಿಗೆ ಗೊತ್ತಾಗದು. ಕತ್ತಲೆಯಲ್ಲಿ ಮಾತ್ರ ದೊಡ್ಡ ಸೆನ್ಸರಿನ ಮೇಲೆ ಬೀಳುವ ಒಟ್ಟು ಬೆಳಕು ಹೆಚ್ಚು. ಲೆಕ್ಕಕ್ಕೆ ಒಂದೂಕಾಲರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). 6ಡಿ 3200 ಐಎಸ್‌ಒದಲ್ಲಿ (ಬೆಳಕನ್ನು ಹಿಗ್ಗಿಸುವ ಅಂಕಿ) ಕೊಡುವಷ್ಟು ಗ್ರೇನ್ಸನ್ನು ಎಂ50 ಸುಮಾರು 1250ರಲ್ಲೇ ಕೊಡುತ್ತದೆ.

ಇಷ್ಟು ಬಾಡಿಯ ಪಾಲು. ಲೆನ್ಸಿನ ಪಾಲು ಇದಕ್ಕಿಂತ ದೊಡ್ಡದು. 15-45 ಕಿಟ್ ಲೆನ್ಸನ್ನು ತಮ್ಮ ವಧುವಿನ ಮುಖಕ್ಕೆಂದು 45ಕ್ಕೆ ಎಳೆದ ಕೂಡಲೆ ಅದರ ಅತಿ ದೊಡ್ಡ ತೆರವು ಎಫ್6.3 (ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಅದೇ ಅಡಾಪ್ಟರಿಗೆ ನಿಮ್ಮ 50 ಎಂಎಂ ಕೂಡಿಸಿ ಎಫ್2.2ಕ್ಕೆ ಇಟ್ಟರೆ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸಿನಲ್ಲಿ 6400 ಕೇಳುತ್ತಿದ್ದ ಹಾಲ್ 50ರಲ್ಲಿ 800 ಕೇಳುತ್ತದೆ. ಯಾವ ಹೊಸ ಬಾಡಿ ಕೊಂಡರೂ ಒಂದೇ ಏಟಿಗೆ ಮೂರು ಸ್ಟಾಪ್ ಕೊಡಲಾರದು. ಫೋಕಸ್ ತಡಕಾಡುವುದೂ ಕಡಿಮೆಯಾಗುತ್ತದೆ, ಏಕೆಂದರೆ ಫೋಕಸ್ ಹುಡುಕುವುದಕ್ಕೂ ಬೆಳಕೇ ಬೇಕು.

ಎಂ50 ಮೇಲೆ 50 ಎಂಎಂ ಅಂದರೆ ನೋಟದಲ್ಲಿ 80, 85 ಎಂಎಂ ಅಂದರೆ 136, ನಿಮ್ಮ 24-105 ಅಂದರೆ 38-168. "1.6 ಪಟ್ಟು ಝೂಮ್ ಪುಕ್ಕಟೆ" ಅನ್ನುವುದು ಅರ್ಧ ಸತ್ಯ. ಲೆನ್ಸ್ ದೂರ ಹೋಗುವುದಿಲ್ಲ, ಚಿತ್ರದ ಅಂಚು ಕತ್ತರಿಸಿಹೋಗುತ್ತದೆ. ಹಾಗಾಗಿ 6ಡಿ ಮೇಲೆ 24-105 ಇಟ್ಟುಕೊಂಡು ವೇದಿಕೆ, ಗುಂಪು, ಬೀಗರ ಭೇಟಿ ನೀವು ತೆಗೆಯಿರಿ. ತಮ್ಮ ಎಂ50 ಮೇಲೆ 50 ಹಾಕಿಕೊಂಡು ಮುಖ, ಕೈ, ಮೆಹಂದಿ, ಕಣ್ಣೀರು ಹಿಡಿಯಲಿ. ಕಿಟ್ ಲೆನ್ಸ್ ಹಗಲಿನ ಹಂದರಕ್ಕೆ, ಅರಿಶಿಣದ ಅಂಗಳಕ್ಕೆ ಸಾಕು. ಹಾಲ್ ಒಳಗೆ ಅದನ್ನು ಚೀಲದಿಂದ ತೆಗೆಯಲೇಬೇಡಿ. ಇನ್ನೊಂದು ಕಾರಣವೂ ಇದೆ: ಆ ಲೆನ್ಸ್ ಮಡಚಿಕೊಳ್ಳುವ ಬಗೆಯದು, ಗುಂಡಿ ಸರಿಸಿ ತಿರುಗಿಸಿ ಬಿಚ್ಚುವವರೆಗೆ ಕ್ಯಾಮೆರಾ ಫೋಟೊ ತೆಗೆಯುವುದಿಲ್ಲ. ಮಂಗಳಾಷ್ಟಕ ಮುಗಿಯುವ ಹೊತ್ತಿಗೆ ಆ ಎರಡು ಸೆಕೆಂಡು ತುಟ್ಟಿ. ಅಗಲದ ನೋಟವೂ ಬೇಕೇಬೇಕು ಅಂದರೆ ಬಳಸಿದ ಇಎಫ್-ಎಂ 22 ಎಫ್2 ಒಂದನ್ನು, ಅಗ್ಗವಾಗಿ ಸಿಕ್ಕರೆ ಮಾತ್ರ, ಕೊಳ್ಳಿ. ಎಂ ಮೌಂಟಿಗೆ ನಾನು ಒಪ್ಪುವ ಖರ್ಚು ಅದೊಂದೇ.

ಹಾಲ್ ಒಳಗಿನ ಸೆಟ್ಟಿಂಗ್: ಎಫ್2.2, ಶಟರ್ 1/100, ಆಟೊ ಐಎಸ್‌ಒ ಮಿತಿ 3200. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಟುಕುತ್ತದೆ. 1/100ಕ್ಕೆ ಒಂದು ಮಿಟುಕು ಪೂರ್ತಿ ಸಿಗುವುದರಿಂದ ಒಂದು ಫೋಟೊ ಹಳದಿ ಒಂದು ನೀಲಿ ಬರುವ ಕಾಟ ಕಡಿಮೆ. ಮೆರವಣಿಗೆಯ ಕುಣಿತಕ್ಕೆ 1/100 ಸಾಲದು, ಅಲ್ಲಿ 1/250ರ ಮೇಲೆ ಹೋಗಿ ಬಣ್ಣದ ಏರುಪೇರನ್ನು ಒಪ್ಪಿಕೊಳ್ಳಿ. ಮೊದಲ ಎಂ50ಯಲ್ಲಿ ಕಣ್ಣು ಹಿಡಿಯುವ ಫೋಕಸ್ ಒನ್ ಶಾಟ್‌ನಲ್ಲಿ ಮಾತ್ರ (ಒಮ್ಮೆ ಹಿಡಿದು ನಿಲ್ಲುವ ಬಗೆ) ಕೆಲಸ ಮಾಡುತ್ತದೆ, ಸರ್ವೊದಲ್ಲಿ (ಬಿಡದೆ ಹಿಂಬಾಲಿಸುವ ಬಗೆ) ಇಲ್ಲ. ಕೂತ ಜೋಡಿಗೆ ಒನ್ ಶಾಟ್, ನಡೆದು ಬರುವವರಿಗೆ ಸರ್ವೊ ಮತ್ತು ಮುಖದ ಟ್ರ್ಯಾಕಿಂಗ್. ಇದು ತಿಳಿಯದೆ ಸರ್ವೊದಲ್ಲಿಟ್ಟು "ಕಣ್ಣು ಹಿಡಿಯಲಿಲ್ಲ" ಅನ್ನುವವರು ಬಹಳ.

ಬಣ್ಣದ ಜಗಳ ಹುಟ್ಟುವುದು ಆಟೊ ವೈಟ್ ಬ್ಯಾಲೆನ್ಸಿನಿಂದ, ಅಂದರೆ ಬಿಳಿ ಯಾವುದು ಅಂತ ಕ್ಯಾಮೆರಾ ತಾನೇ ಊಹಿಸುವುದರಿಂದ. ಎರಡು ಬಾಡಿಯ ಆಟೊ ಎಂದರೆ ಎರಡು ತಲೆ, ಅದೇ ಎಲ್‌ಇಡಿ ಗೋಡೆಯನ್ನು ಒಂದು ನೀಲಿ ಅನ್ನುತ್ತದೆ, ಇನ್ನೊಂದು ನೇರಳೆ. ಎರಡರಲ್ಲೂ ಕೆಲ್ವಿನ್‌ಗೆ (ಬೆಳಕಿನ ಬಣ್ಣವನ್ನು ಅಂಕಿಯಲ್ಲಿ ಹೇಳುವ ಅಳತೆ) ಹೋಗಿ ಒಂದೇ ಅಂಕಿ ಇಡಿ. ಫ್ಲ್ಯಾಶ್ ಮುಖ್ಯ ಬೆಳಕಾಗಿದ್ದರೆ 5300ರ ಹತ್ತಿರ, ಬೆಚ್ಚನೆಯ ಬಲ್ಬುಗಳ ಹಾಲ್ ಆದರೆ 3800ರಿಂದ 4200ರೊಳಗೆ ಒಂದು ಫೋಟೊ ತೆಗೆದು ವಧುವಿನ ಅಪ್ಪನ ಬಿಳಿ ಅಂಗಿ ನೋಡಿ ನಿರ್ಧರಿಸಿ. ಪಿಕ್ಚರ್ ಸ್ಟೈಲ್ ಎರಡರಲ್ಲೂ ಒಂದೇ, ಆಟೊ ಲೈಟಿಂಗ್ ಆಪ್ಟಿಮೈಜರ್ ಎರಡರಲ್ಲೂ ಬಂದ್. ರಾ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್, ತೆಗೆಯಿರಿ. ಲೈಟ್‌ರೂಮ್‌ನಲ್ಲಿ ಎರಡೂ ಬಾಡಿಯ ಫೈಲಿಗೆ ಒಂದೇ ಪ್ರೊಫೈಲ್ ಆರಿಸಿ, ಆಮೇಲೆ ಒಂದು ಬಾಡಿಯನ್ನು ಇನ್ನೊಂದಕ್ಕೆ ಹೊಂದಿಸುವ ಸಣ್ಣ ತಿದ್ದುಪಡಿಯನ್ನು ಪ್ರಿಸೆಟ್ ಮಾಡಿಟ್ಟುಕೊಳ್ಳಿ. 6ಡಿ ಸಿಆರ್2 ಫೈಲ್ ಕೊಡುತ್ತದೆ, ಎಂ50 ಸಿಆರ್3. ಹಳೆಯ ಲೈಟ್‌ರೂಮ್ 6 ಸಿಆರ್3 ತೆರೆಯುವುದಿಲ್ಲ. ಆ ಕಾರಣಕ್ಕೇ ಎಂ50ಯಲ್ಲಿ ಬರೀ ಜೆಪೆಗ್ ತೆಗೆಯುತ್ತಿದ್ದರೆ ನಿಮ್ಮ ಬಣ್ಣದ ತೊಂದರೆಯ ಬೇರು ಅಲ್ಲಿದೆ.

ಇದರ ಜೊತೆಗೇ ಎರಡು ಸಣ್ಣ ಕೆಲಸ. ಕೆಲಸಕ್ಕೆ ಹೊರಡುವ ಮುಂಚೆ ಮೊಬೈಲಿನ ಸೆಕೆಂಡು ತೋರಿಸುವ ಗಡಿಯಾರವನ್ನು ಎರಡೂ ಕ್ಯಾಮೆರಾದಲ್ಲಿ ಒಂದೊಂದು ಫೋಟೊ ತೆಗೆಯಿರಿ. ಅಂತರ ಗೊತ್ತಾದರೆ ಲೈಟ್‌ರೂಮ್‌ನಲ್ಲಿ ಒಂದು ಬಾಡಿಯ ಸಮಯವನ್ನು ಒಟ್ಟಿಗೆ ಸರಿಸಬಹುದು, ಇಲ್ಲವಾದರೆ ಅಕ್ಕಿಕಾಳಿನ ನಡುವೆ ಊಟದ ಫೋಟೊ ಬಂದು ಕೂರುತ್ತದೆ. ಎರಡೂ ಬಾಡಿ ಐಎಂಜಿ ಎಂದೇ ಹೆಸರಿಡುತ್ತವೆ, ಎರಡರ ಜೆಪೆಗ್ ಒಂದೇ ಫೋಲ್ಡರಿಗೆ ಸುರಿದಾಗ "ರಿಪ್ಲೇಸ್" ಒತ್ತಿದರೆ ಒಂದು ಬಾಡಿಯ ಫೋಟೊ ಹೋಯಿತು ಅಂತಲೇ ಲೆಕ್ಕ. ಬಾಡಿಗೊಂದು ಫೋಲ್ಡರ್ ಇರಲಿ.

ಬ್ಯಾಟರಿ. ಎಂ50ಯ ಎಲ್‌ಪಿ-ಇ12 ಸಣ್ಣದು, ಕಂಪನಿಯ ಲೆಕ್ಕವೇ ಒಂದು ಚಾರ್ಜಿಗೆ ಸುಮಾರು 235 ಫೋಟೊ. 6ಡಿಯ ಎಲ್‌ಪಿ-ಇ6ಎನ್‌ಗೆ ಅದೇ ಲೆಕ್ಕ 1200. ಕನ್ನಡಿ ಇಲ್ಲದ ಕ್ಯಾಮೆರಾ ನೀವು ನೋಡುತ್ತಿರುವಷ್ಟು ಹೊತ್ತೂ ಸೆನ್ಸರ್, ಪರದೆ ಎರಡನ್ನೂ ಉರಿಸುತ್ತದೆ. ತಮ್ಮ ವೇದಿಕೆಯ ಪಕ್ಕ ಕ್ಯಾಮೆರಾ ಆನ್ ಇಟ್ಟುಕೊಂಡು ಕಾಯುವ ಅರ್ಧ ತಾಸು ಹತ್ತಾರು ಫೋಟೊಕ್ಕೆ ಸಮ. ವೈಫೈ, ಬ್ಲೂಟೂತ್ ಬಂದ್ ಮಾಡಿ, ಇಕೋ ಮೋಡ್ ಹಾಕಿ, ಕಾಯುವಾಗ ಆಫ್ ಮಾಡುವ ರೂಢಿ ಹಾಕಿಸಿ. ನಾಲ್ಕು ಬ್ಯಾಟರಿ ಬೇಕು, ಮೇಲೆ 1, 2, 3, 4 ಅಂತ ಬರೆದಿಡಿ. ಯಾವುದು ಬೇಗ ಸಾಯುತ್ತದೋ ಗುರುತು ಸಿಗುತ್ತದೆ. ಎಂ50 ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವುದಿಲ್ಲ. ಹಳ್ಳಿಯ ಲಗ್ನದಲ್ಲಿ ಕರೆಂಟು ಹೋದರೆ ಪವರ್ ಬ್ಯಾಂಕಿನಿಂದ ನಡೆಯುವ ಎರಡು ಗುಳಿಯ ಚಾರ್ಜರ್ ಕೈ ಹಿಡಿಯುತ್ತದೆ. ಅಗ್ಗದ ಬ್ಯಾಟರಿಯ ಹೊಟ್ಟೆ ಉಬ್ಬಿದ್ದು ಕಂಡರೆ ಎಸೆಯಿರಿ, ಉಬ್ಬಿದ್ದನ್ನು ಒತ್ತಿ ತುರುಕಿದರೆ ಆಮೇಲೆ ಹೊರಗೆ ತೆಗೆಯಲು ಬಾಡಿಯನ್ನೇ ಬಿಚ್ಚಬೇಕಾದೀತು.

ಬಿಸಿಲಿನ ಮಾತೂ ಇದರೊಂದಿಗೇ. ಈ ಕ್ಯಾಮೆರಾಗಳಿಗೆ ಕ್ಯಾನನ್ ಕೊಟ್ಟಿರುವ ಕೆಲಸದ ಮಿತಿ 0ಯಿಂದ 40 ಡಿಗ್ರಿ. ಮೇ ತಿಂಗಳ ಕಲಬುರಗಿ ಆ ಮಿತಿಯನ್ನು ದಾಟುವ ದಿನಗಳಿವೆ. ಲಗ್ನದ ಸೀಸನ್ನೂ ಆಗಲೇ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಯಾಟರಿ ಇಡಬೇಡಿ, ಬಿಸಿಯಾಗಿ ಬಂದ ಬ್ಯಾಟರಿಯನ್ನು ಕೂಡಲೆ ಚಾರ್ಜಿಗೆ ಹಾಕಬೇಡಿ. ಒದ್ದೆ ಬಟ್ಟೆ ಹೊದೆಸಿದ ಚೀಲ ಬೇಡ, ತೇವ ಒಳಗೆ ಹೋಗುತ್ತದೆ. ನೆರಳಿನಲ್ಲಿಟ್ಟ ಬಿಳಿ ಟವೆಲ್ ಸಾಕು.

4ಕೆ ವಿಷಯದಲ್ಲಿ ತಮ್ಮನ ತಪ್ಪಿಲ್ಲ. ಎಂ50ಯ ಒಳ್ಳೆಯ ಫೋಕಸ್, ಅಂದರೆ ಡ್ಯುಯಲ್ ಪಿಕ್ಸೆಲ್, 4ಕೆ ಒತ್ತಿದ ಕೂಡಲೆ ಕೆಲಸ ಬಿಡುತ್ತದೆ. ಆಗ ಕ್ಯಾಮೆರಾ ಎಲ್ಲಿ ಗೆರೆ ಚೂಪಾಗಿ ಕಾಣುತ್ತದೋ ಅಲ್ಲಿಗೆ ಹೋಗುತ್ತದೆ, ಹಿಂದಿನ ಪರದೆಯ ಮಿಣುಕು ಜರಿಗಿಂತ ಚೂಪಾದದ್ದು ವೇದಿಕೆಯ ಮೇಲೆ ಇನ್ನೇನಿದೆ? ಮೇಲಿಂದ 1.56 ಪಟ್ಟು ಹೆಚ್ಚುವರಿ ಕ್ರಾಪ್. ಕಿಟ್ ಲೆನ್ಸಿನ 15 ಎಂಎಂ ಸಾಮಾನ್ಯವಾಗಿ 24ರ ನೋಟ ಕೊಡುವುದು 4ಕೆಯಲ್ಲಿ 37ಕ್ಕೆ ಇಳಿಯುತ್ತದೆ. ಹಾಗಾಗಿ ಎಂ50ಯಲ್ಲಿ 4ಕೆ ಅನ್ನುವುದನ್ನೇ ಮರೆಯಿರಿ. ವಿಡಿಯೊ ಸಿಸ್ಟಮ್ ಪಾಲ್, 1080, ಮಾತಿಗೆ 25 ಫ್ರೇಮ್ 1/50 ಶಟರ್, ಕುಣಿತಕ್ಕೆ 50 ಫ್ರೇಮ್ 1/100. ಫೋಕಸ್ ಅಂಟಿಕೊಂಡು ಕೂರುತ್ತದೆ. ರೆಕಾರ್ಡಿಂಗ್ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುತ್ತದೆ. ಅಕ್ಕಿಕಾಳಿಗೆ ಐದು ನಿಮಿಷ ಮುಂಚೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ.

ಎಂ50ಯನ್ನು ಬೈದದ್ದು ಸಾಕು, ಅದು ಗೆಲ್ಲುವ ಜಾಗಗಳೂ ಇವೆ. ಬಿದ್ರಿ ಸಾಮಾನಿಗೆ ಅದನ್ನೇ ಬಳಸಿ. ಟ್ರೈಪಾಡ್, ಐಎಸ್‌ಒ 100, ಎಫ್8, ಎರಡು ಸೆಕೆಂಡಿನ ಟೈಮರ್ ಇದ್ದಲ್ಲಿ ಸೆನ್ಸರಿನ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ, ತಿರುಗುವ ಪರದೆ ಮೇಲಿನಿಂದ ನೋಡಲು ಅನುಕೂಲ. ಬಿದ್ರಿಯ ಕಪ್ಪನ್ನು ಕ್ಯಾಮೆರಾ ಬೂದಿ ಮಾಡಲು ಹೋಗಿ ಬೆಳ್ಳಿಯ ಗೆರೆಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಮೈನಸ್ ಒಂದರ ಹತ್ತಿರ ಇಟ್ಟು ಬೆಳ್ಳಿಯನ್ನು ಉಳಿಸಿಕೊಳ್ಳಿ, ಕಪ್ಪು ತಾನೇ ಕಪ್ಪಾಗಿ ಬರುತ್ತದೆ. ಫ್ಲ್ಯಾಶ್ ನೇರವಾಗಿ ಬೇಡ, ಬಿಳಿ ಥರ್ಮಾಕೋಲ್ ಹಾಳೆಗೆ ಬಡಿಸಿ. ಬೆಳ್ಳಿ ಕನ್ನಡಿಯಂತೆ, ಅದರಲ್ಲಿ ಕಾಣುವುದು ಆ ಹಾಳೆಯೇ.

ಜಾತ್ರೆಯಲ್ಲಂತೂ ಎರಡನೇ ಬಾಡಿಯ ನಿಜವಾದ ಉಪಯೋಗ ತಿಳಿಯುವುದು: ಲೆನ್ಸ್ ಬದಲಿಸದೆ ಇರಬಹುದು. ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಗೆ ಭಂಡಾರ, ಅಂದರೆ ಅರಿಶಿಣದ ಪುಡಿ, ಹಾರುವಾಗ ಲೆನ್ಸ್ ಬಿಚ್ಚಿದರೆ ಕಥೆ ಮುಗಿಯಿತು. 6ಡಿಯಲ್ಲಿ ಸೆನ್ಸರಿನ ಮುಂದೆ ಕನ್ನಡಿ, ಶಟರ್ ಎರಡೂ ಅಡ್ಡ ಇರುತ್ತವೆ. ಎಂ50ಯಲ್ಲಿ ಲೆನ್ಸ್ ತೆಗೆದರೆ ಸೆನ್ಸರೇ ಎದುರಿಗೆ. ಅರಿಶಿಣದ ಪುಡಿ ಯರಿ ಮಣ್ಣಿನ ಧೂಳಿನಂತೆ ಊದಿದರೆ ಹಾರಿಹೋಗುವುದಿಲ್ಲ, ಬೆವರು ತಾಗಿದರೆ ಅಂಟಿಕೊಂಡು ಹಳದಿ ಕಲೆ ಬಿಡುತ್ತದೆ. ಮನೆಯಲ್ಲೇ ಎರಡೂ ಬಾಡಿಗೆ ಲೆನ್ಸ್ ಕೂಡಿಸಿ, ಅಡಾಪ್ಟರಿನ ಎರಡು ಸಂದಿಗೂ ಬಟ್ಟೆಯಂಥ ಪೇಪರ್ ಟೇಪ್ ಸುತ್ತಿ, ತೆಳು ಪ್ಲಾಸ್ಟಿಕ್ ಚೀಲ ಹಾಕಿ ಲೆನ್ಸಿನ ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ಮುಂದೆ ಒಂದು ಯುವಿ ಫಿಲ್ಟರ್ ಇರಲಿ, ಇಂಥ ದಿನಕ್ಕೇ ಅದು ಬೇಕಾಗುವುದು. ವಾಪಸ್ ಬಂದ ಮೇಲೆ ಮೊದಲು ಮೃದು ಬ್ರಶ್ಶಿನಿಂದ ಹೊರಗಿನ ಪುಡಿ ತೆಗೆಯಿರಿ, ಆಮೇಲೆ ರಬ್ಬರ್ ಬ್ಲೋವರ್, ಆಮೇಲೆ ಒಣ ಬಟ್ಟೆ. ಇಷ್ಟಾದ ಮೇಲೇ ಲೆನ್ಸ್ ಬಿಚ್ಚಬೇಕು, ಅದೂ ಬಾಡಿಯ ಬಾಯಿ ಕೆಳಗೆ ಮಾಡಿ. ಬಾಯಿಂದ ಊದಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ, ಅದರಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ. ಅಡಾಪ್ಟರ್ ಕೂಡಿಸಿದಾಗ "ಎರರ್ 01" ಬಂದರೆ ಗಾಬರಿ ಬೇಡ. ಲೆನ್ಸ್ ಮತ್ತು ಬಾಡಿಯ ನಡುವೆ ಮಾತು ನಿಂತಿದೆ ಎಂದರ್ಥ. ಲೆನ್ಸಿನ ಹಿಂದೆ, ಅಡಾಪ್ಟರಿನ ಎರಡೂ ಕಡೆ, ಬಾಡಿಯಲ್ಲಿ ಇರುವ ಚಿನ್ನದ ಬಣ್ಣದ ಚುಕ್ಕೆಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ. 24-105 ಕೂಡಿಸಿದಾಗ ಭಾರವೆಲ್ಲ ಮುಂದಕ್ಕೆ, ಎಂ50 ಬಾಡಿ 400 ಗ್ರಾಮಿಗೂ ಕಡಿಮೆ. ಕೈ ಲೆನ್ಸಿನ ಕೆಳಗಿರಬೇಕು, ಬಾಡಿ ಹಿಡಿದು ಜೋತುಬಿಟ್ಟರೆ ಮೌಂಟ್ ಸಡಿಲಾಗುತ್ತದೆ.

ಈಗ ಕಾರ್ಡಿನ ಮಾತು. ಗ್ರೇನ್ಸ್ ಬಂದ ಫೋಟೊಕ್ಕೆ ಗಿರಾಕಿ ಗೊಣಗುತ್ತಾನೆ. ಕಾರ್ಡ್ ಹೋಗಿ ಅಕ್ಕಿಕಾಳೇ ಇಲ್ಲದ ಆಲ್ಬಮ್ ಕೊಟ್ಟರೆ ಊರಲ್ಲಿ ತಲೆ ಎತ್ತಿ ತಿರುಗಲು ಆಗದು. ಒಂದೇ ಸ್ಲಾಟ್ ಇರುವ ಬಾಡಿಯಲ್ಲಿ ಅದಕ್ಕೆ ತಕ್ಷಣದ ರಕ್ಷೆ ಯಾವುದೂ ಇಲ್ಲ. ಎರಡು ಸ್ಲಾಟಿನ ಬಾಡಿ ಬರುವವರೆಗೆ ಮಾಡಬಹುದಾದದ್ದು ಇಷ್ಟೇ: ತಾಳಿ, ಅಕ್ಕಿಕಾಳು, ನಿಕಾಹ್ ಆದರೆ ಸಹಿ ಹಾಕುವ ಗಳಿಗೆ, ಇವನ್ನು ಇಬ್ಬರೂ ತಮ್ಮ ತಮ್ಮ ಬಾಡಿಯಲ್ಲಿ ತೆಗೆಯಲೇಬೇಕು. ಒಬ್ಬರು ವಿಡಿಯೊದಲ್ಲಿ ಇದ್ದರೂ ಸರಿ. 128 ಜಿಬಿಯ ಒಂದು ಕಾರ್ಡಿಗಿಂತ 32ರ ಮೂರು ಕಾರ್ಡ್ ಮೇಲು, ಅರಿಶಿಣ ಮುಗಿದ ಕೂಡಲೆ ತೆಗೆದು ಜೇಬಿಗೆ ಹಾಕಿ. ಕಾರ್ಡನ್ನು ಪ್ರತಿಸಲ ಅದನ್ನು ಬಳಸುವ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಅಲ್ಲ.

ಈ ಕಾರ್ಡಿನ ಕಾರಣಕ್ಕೇ ನನ್ನ ಸಲಹೆ ನಿಮ್ಮ ಗೆಳೆಯರೆಲ್ಲರ ಸಲಹೆಗಿಂತ ಬೇರೆ: ಎರಡನೇ ಬಾಡಿಯನ್ನು ಬದಲಿಸಬೇಡಿ. ಮೊದಲನೆಯದನ್ನು ಬದಲಿಸಿ, 6ಡಿಯನ್ನು ಎರಡನೆಯದಾಗಿ ಇಳಿಸಿ. ಎರಡನೇ ಬಾಡಿ ಅಂದರೆ ಮೊದಲನೆಯದು ಕೈಕೊಟ್ಟ ಗಳಿಗೆಯಲ್ಲಿ ಅದೇ ಲೆನ್ಸ್, ಅದೇ ಬ್ಯಾಟರಿ, ಅದೇ ಫ್ಲ್ಯಾಶ್ ಟ್ರಿಗರ್ ಹಾಕಿಕೊಂಡು ಕೆಲಸ ಮುಂದುವರಿಸುವ ಬಾಡಿ. ಎಷ್ಟು ಹೊಸದು ಅನ್ನುವುದಕ್ಕಿಂತ ಮೊದಲನೆಯದರೊಂದಿಗೆ ಎಷ್ಟು ಹಂಚಿಕೊಳ್ಳುತ್ತದೆ ಅನ್ನುವುದನ್ನು ನೋಡಿ. ನಿಮ್ಮ ಎಂ50 ಲೆನ್ಸ್ ಹಂಚಿಕೊಳ್ಳುತ್ತದೆ, ಅದೂ ಅಡಾಪ್ಟರ್ ಇದ್ದರೆ. ಬ್ಯಾಟರಿ ಇಲ್ಲ.

ಇದೇ ತಕ್ಕಡಿಯಲ್ಲಿ ಒಂದೊಂದನ್ನೂ ತೂಗೋಣ. ಎಂ50 ಮಾರ್ಕ್ 2 ಎಲ್ಲಕ್ಕಿಂತ ಕೆಟ್ಟ ಆಯ್ಕೆ. 2020ರಲ್ಲಿ ಬಂದದ್ದು, ಅದೇ ಸೆನ್ಸರ್, ಅದೇ ಡಿಜಿಕ್ 8 ಚಿಪ್, ಅದೇ ಎಲ್‌ಪಿ-ಇ12, 4ಕೆಯಲ್ಲಿ ಅದೇ ಕ್ರಾಪ್. ಕಣ್ಣಿನ ಫೋಕಸ್ ಸುಧಾರಿಸಿದೆ, ಅಷ್ಟೇ. ನಿಂತ ಮೌಂಟಿಗೆ ಎರಡನೇ ಸಲ ದುಡ್ಡು.

ಆರ್50 ವಿಡಿಯೊಕ್ಕೆ ನಿಜವಾದ ಮುನ್ನಡೆ, ಕ್ರಾಪ್ ಇಲ್ಲದ 4ಕೆ ಕೊಡುತ್ತದೆ, ಫೋಕಸ್ ಬಹಳ ಚುರುಕು. ಆದರೆ ಸ್ಲಾಟ್ ಒಂದೇ, ಬ್ಯಾಟರಿ ಎಲ್‌ಪಿ-ಇ17 ಅನ್ನುವ ಮೂರನೇ ಜಾತಿ, ಮೇಲಿಂದ ಅದರ ಫ್ಲ್ಯಾಶ್ ಕೂಡಿಸುವ ಹಾಟ್‌ಶೂ ಹೊಸ ಬಗೆಯದು. ನಿಮ್ಮ ಹಳೆಯ ಫ್ಲ್ಯಾಶ್‌ಗೆ, ಟ್ರಿಗರ್‌ಗೆ ಎಡಿ-ಇ1 ಎಂಬ ಅಡಾಪ್ಟರ್ ಬೇಕಾಗುತ್ತದೆ. ಲಗ್ನದ ಕೆಲಸಕ್ಕೆ ಇಂಥ ಒಂದು ತುಂಡು ಹೆಚ್ಚುವರಿ ಇದ್ದರೆ ಅದೇ ಮನೆಯಲ್ಲಿ ಮರೆತುಬರುವುದು. ಆರ್10 ಆ ತೊಂದರೆ ಇಲ್ಲದ್ದು, ಡಯಲ್ ಎರಡಿವೆ, ಕೈಗೆ ಸರಿಹೊಂದುತ್ತದೆ. ಸ್ಲಾಟ್, ಬ್ಯಾಟರಿ ಮಾತ್ರ ಅದೇ ಕಥೆ. ನಿಮ್ಮ ಗಳಿಕೆಯಲ್ಲಿ ಮುಕ್ಕಾಲು ಪಾಲು ವಿಡಿಯೊದಿಂದ ಬರುತ್ತದೆ ಎಂದಿದ್ದರೆ ಆರ್10 ಅನ್ನುತ್ತಿದ್ದೆ.

ಆರ್7ನಲ್ಲಿ ಎರಡು ಸ್ಲಾಟ್, ಬಾಡಿಯಲ್ಲೇ ಅಲುಗಾಟ ತಡೆ, ಬ್ಯಾಟರಿ ನಿಮ್ಮ 6ಡಿಯ ಕುಲದ್ದೇ. ಆದರೆ ಸೆನ್ಸರ್ ಸಣ್ಣದು, ಕತ್ತಲೆಯ ಹಾಲ್‌ನಲ್ಲಿ ಎಂ50ಯ ಆಚೆಗೆ ಬಹಳ ದೂರ ಹೋಗಲಾರಿರಿ, ನಿಮ್ಮ 24-105ರ ಅಗಲದ ತುದಿಯೂ 38 ಆಗಿಬಿಡುತ್ತದೆ. ಹಕ್ಕಿ, ಕ್ರಿಕೆಟ್, ಕುಸ್ತಿ ತೆಗೆಯುವವರ ಬಾಡಿ ಅದು. ಆರ್8 ಇದರ ತಿರುವುಮುರುವು: ಆರ್6 ಮಾರ್ಕ್ 2ರದ್ದೇ, 6ಡಿಯಷ್ಟೇ ದೊಡ್ಡ ಫುಲ್‌ಫ್ರೇಮ್ ಸೆನ್ಸರ್, ಹಗುರ, ಆದರೆ ಒಂದೇ ಸ್ಲಾಟ್, ಸಣ್ಣ ಬ್ಯಾಟರಿ. ಒಳ್ಳೆಯ ಚಿತ್ರ ಬರುತ್ತದೆ, ನಿದ್ದೆ ಬರುವುದಿಲ್ಲ.

ಉಳಿದದ್ದು ಆರ್6. ಹೊಸ ಮಾರ್ಕ್ 2 ನಿಮ್ಮ ಲಕ್ಷಕ್ಕೆ ಸಿಗದು. 2020ರ ಮೊದಲ ಆರ್6 ಬಳಸಿದ್ದು ಹುಡುಕಿ. 20 ಮೆಗಾಪಿಕ್ಸೆಲ್ ಅಂತ ಮೂಗು ಮುರಿಯಬೇಡಿ, ಆಲ್ಬಮ್ಮಿಗೆ ಧಾರಾಳ. ಎರಡು ಎಸ್‌ಡಿ ಸ್ಲಾಟ್, ಎರಡಕ್ಕೂ ಒಟ್ಟಿಗೆ ಬರೆಯುತ್ತದೆ. 6ಡಿಯ ಎಲ್‌ಪಿ-ಇ6ಎನ್ ಇದರಲ್ಲೂ ನಡೆಯುತ್ತದೆ. ಹಳೆಯ ಟ್ರಿಗರ್ ನೇರ ಕೂಡುತ್ತದೆ. ಇಎಫ್-ಇಒಎಸ್ ಆರ್ ಅಡಾಪ್ಟರ್‌ನಲ್ಲಿ ಗಾಜಿಲ್ಲ, ಬರೀ ಅಂತರ ತುಂಬುವ ಕೊಳವೆ, ಹಾಗಾಗಿ ನಿಮ್ಮ ಮೂರೂ ಲೆನ್ಸ್ ಇದ್ದಂತೆಯೇ ನಡೆಯುತ್ತವೆ. 85 ಎಫ್1.8ರಲ್ಲಿ ಕಣ್ಣಿನ ಬದಲು ಕಿವಿ ಹಿಡಿಯುವ 6ಡಿಯ ಚಟವೂ ತಪ್ಪುತ್ತದೆ. ಅಡಾಪ್ಟರಿನ ದುಡ್ಡನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿ. ನಿಮ್ಮ 50 ಕ್ಯಾನನ್ನಿನದಲ್ಲದೆ ಬೇರೆ ಕಂಪನಿಯದಾಗಿದ್ದರೆ ಕೊಳ್ಳುವ ಮುಂಚೆ ಕೂಡಿಸಿ ನೋಡಿ, ಕೆಲವಕ್ಕೆ ಫರ್ಮ್‌ವೇರ್ ಬೇಕಾಗುತ್ತದೆ, ಕೆಲವು ಮಾತೇ ಆಡುವುದಿಲ್ಲ.

ಆರ್6ನ ದೋಷ ಬಿಸಿ. ಬಿಡುಗಡೆಯಾದಾಗ ಕ್ಯಾನನ್ ತಾನೇ ಕೊಟ್ಟ ಲೆಕ್ಕ, 23 ಡಿಗ್ರಿಯ ಕೋಣೆಯಲ್ಲಿ 4ಕೆ 30 ಫ್ರೇಮಿಗೆ ಸುಮಾರು 40 ನಿಮಿಷ. ಮೇ ತಿಂಗಳ ಹಂದರದಲ್ಲಿ ಅದರ ಅರ್ಧವನ್ನೂ ನಂಬಬೇಡಿ. ಉದ್ದದ ವಿಡಿಯೊ 1080ರಲ್ಲಿ, ಅಥವಾ 6ಡಿ ಟ್ರೈಪಾಡ್ ಮೇಲೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮೋಹಕ್ಕೆ ಬೀಳಬೇಡಿ, ಎಲ್‌ಇಡಿ ದೀಪದಡಿ ಫೋಟೊಕ್ಕೆ ಅಡ್ಡಪಟ್ಟೆ ಬರುತ್ತದೆ. ಫಸ್ಟ್ ಕರ್ಟನ್ ಅಥವಾ ಮೆಕ್ಯಾನಿಕಲ್ ಇಟ್ಟು ಆಂಟಿ ಫ್ಲಿಕರ್ ಆನ್ ಮಾಡಿ. ಫ್ಲ್ಯಾಶ್ ಹಾಕಿದಾಗ ವ್ಯೂಫೈಂಡರ್ ಕಪ್ಪಾಗಿ ಕಂಡರೆ ಎಕ್ಸ್‌ಪೋಷರ್ ಸಿಮ್ಯುಲೇಶನ್ ಬಂದ್ ಮಾಡಬೇಕು. ಎಂ50ಯಲ್ಲೂ ಅದೇ ಮದ್ದು.

ಸೋನಿ ಒಳ್ಳೆಯ ಕ್ಯಾಮೆರಾ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಲಕ್ಷದಲ್ಲಿ ಹೋದರೆ ಒಂದು ಬಾಡಿ, ಒಂದು ಲೆನ್ಸ್ ಸಿಕ್ಕೀತು. ಕ್ಯಾನನ್ ಟ್ರಿಗರ್ ಅದಕ್ಕೆ ಆಗದು, ಬ್ಯಾಟರಿ ಬೇರೆ, ಮೆನು ಬೇರೆ, ಬಣ್ಣದ ಜಗಳ ಇನ್ನೂ ಜೋರು. ಹೋಗುವುದಾದರೆ ಎರಡೂ ಬಾಡಿ ಒಟ್ಟಿಗೆ ಹೋಗಬೇಕು. ಅರ್ಧ ಸೋನಿ ಅರ್ಧ ಕ್ಯಾನನ್ ಇಟ್ಟುಕೊಂಡು ಸೀಸನ್ ನಡೆಸುವುದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ.

ಎಂ50 ಮಾರಿದರೆ ಬರುವುದು ಅಲ್ಪ, ಇಟ್ಟುಕೊಳ್ಳಿ. ಗಿಂಬಲ್ (ಅಲುಗಾಟ ತಡೆಯುವ ಹಿಡಿಕೆ) ಮೇಲೆ, ಬಿದ್ರಿಗೆ, ಮೂರನೇ ಬಾಡಿಯಾಗಿ ಅದರ ಕೂಲಿ ಅದು ದುಡಿಯುತ್ತದೆ.

ಬಳಸಿದ ಆರ್6 ನೋಡಲು ಹೋಗುವಾಗ ನಿಮ್ಮ ಟ್ರಿಗರ್, ಎರಡು ಕಾರ್ಡ್, 85 ಲೆನ್ಸ್, ಅಡಾಪ್ಟರ್ ಒಯ್ಯಿರಿ. ಎಫ್16ಕ್ಕೆ ಇಟ್ಟು ಬಿಳಿ ಗೋಡೆ ಅಥವಾ ಆಕಾಶ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕಾದ ದುಂಡು ಚುಕ್ಕೆ ಧೂಳು, ತೊಳೆದರೆ ಹೋಗುತ್ತದೆ. ಚೂಪಾದ ಗೆರೆ, ಬಣ್ಣದ ಕಡ್ಡಿಯಂಥ ಗುರುತು ಕಂಡರೆ ಅದು ಡಿಜೆಯ ಲೇಸರ್ ಸುಟ್ಟದ್ದು, ಯಾವ ತೊಳೆತಕ್ಕೂ ಹೋಗದು, ಸೆನ್ಸರ್ ಬದಲಿಸುವ ಖರ್ಚಿಗೆ ಬಾಡಿಯೇ ಬೇಡ ಅನಿಸುತ್ತದೆ. ಲೆನ್ಸಿಗೆ ಕ್ಯಾಪ್ ಹಾಕಿ ಒಂದು ಕತ್ತಲೆ ಫೋಟೊವನ್ನೂ ತೆಗೆಯಿರಿ, ಕೆಲವು ಗೆರೆ ಅದರಲ್ಲಿ ಮಾತ್ರ ಕಾಣುತ್ತವೆ. 6ಡಿಯಲ್ಲಿ ಫೋಟೊ ತೆಗೆಯುವ ಕ್ಷಣ ಬಿಟ್ಟರೆ ಕನ್ನಡಿ ಅಡ್ಡ ಇರುತ್ತದೆ, ಕನ್ನಡಿ ಇಲ್ಲದ ಬಾಡಿಯ ಸೆನ್ಸರ್ ಇಡೀ ಬರಾತಿನುದ್ದಕ್ಕೂ ಆ ಬೆಳಕಿಗೆ ತೆರೆದಿರುತ್ತದೆ. ಹಾಗಾಗಿ ಕೊಂಡ ಮೇಲೆ ನೀವೂ ಹಸಿರು ಲೇಸರ್ ತಿರುಗುವ ಕಡೆಗೆ ಲೆನ್ಸ್ ಹಿಡಿಯಬೇಡಿ, ತಮ್ಮನಿಗೂ ಹೇಳಿ. ಪರದೆಯನ್ನು ಪೂರ್ತಿ ತಿರುಗಿಸಿ, ಮಡಚಿ, ಮತ್ತೆ ಬಿಚ್ಚಿ. ನಡುವೆ ಎಲ್ಲಾದರೂ ಮಿಟುಕಿದರೆ ಒಳಗಿನ ಪಟ್ಟಿ ತಂತಿ ಸವೆದಿದೆ. ಎರಡೂ ಸ್ಲಾಟಿಗೆ ಒಟ್ಟಿಗೆ ಬರೆಯುವಂತೆ ಇಟ್ಟು ಇಪ್ಪತ್ತು ಫೋಟೊ ಸರಸರ ತೆಗೆದು, ಎರಡೂ ಕಾರ್ಡ್ ಹೊರಗೆ ತೆಗೆದು ಮತ್ತೆ ಹಾಕಿ, ಎರಡರಲ್ಲೂ ಇಪ್ಪತ್ತಿವೆಯೋ ಎಣಿಸಿ. ಕೊನೆಗೆ ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರನ್ನು ಬಿಲ್ಲಿನ ನಂಬರಿನೊಂದಿಗೆ ನೀವೇ ಓದಿ ತಾಳೆ ಹಾಕಿ, ಬಿಲ್ಲಿನ ಮೂಲ ಪ್ರತಿಯನ್ನೇ ಕೇಳಿ, ಮೊಬೈಲಿನ ಫೋಟೊ ತೋರಿಸಿದರೆ ಒಪ್ಪಬೇಡಿ.